ಒಂಬತ್ತು ವೋಲ್ಟಿನ ಗಂಟಲು

ಗಂಟಲಲ್ಲೊಂದು ಗಂಟಿದೆ, ಅಕ್ಕಿಕಾಳಿನಷ್ಟು.
ಹನ್ನೊಂದು ವರ್ಷ ‘ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ’ ಅಂದದ್ದೆಲ್ಲ
ಹಿಂದಕ್ಕೆ ಬಂದು ಅಲ್ಲಿ ಕೂತಿದೆ.
ಒಂದು ತಿಂಗಳು ಮಾತೇ ಬೇಡ ಎಂದರು ಡಾಕ್ಟರು,
ಪಿಸುಗುಟ್ಟುವುದೂ ಬೇಡ, ಅದು ಇನ್ನೂ ಕೆಟ್ಟದ್ದಂತೆ.
ಡಿಪೋದಲ್ಲಿ ಟಿಕೆಟ್ ಮಷೀನು ಎಣಿಸುವ ಕೆಲಸ ಕೊಟ್ಟರು.

ಹಾಗಾಗಿ ಇವತ್ತು ಶಿವರಾಂಪೇಟೆಯ ಅಂಗಡಿಯಲ್ಲಿ
ವೇ ಬಿಲ್ಲಿನ ಬೆನ್ನಿಗೆ ಬರೆದು ತೋರಿಸಿದೆ:
ಫಜ್ ಪೆಡಲ್ ಬೇಕು. ಎರಡೂವರೆ ಸಾವಿರದ ಒಳಗೆ.
ಅಂಗಡಿಯ ಹುಡುಗ ಲಿಖಿತ್
ಜೋರಾಗಿ, ಬಿಡಿಸಿ ಬಿಡಿಸಿ ಹೇಳತೊಡಗಿದ,
ನನಗೆ ಕಿವಿಯೂ ಇಲ್ಲವೆಂಬಂತೆ.
ಇರಲಿ. ಅವನ ಗಂಟಲು ಇನ್ನೂ ಹೊಸದು.

ಮೊದಲನೆಯದು ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು,
ಸಾವಿರದ ಒಂಬೈನೂರು. ಸಿಲಿಕಾನ್, ಅಂದ.
ತಂತಿ ಮೀಟಿದೆ:
ಮಿಕ್ಸಿಗೆ ಬರೀ ಒಣಕೊಬ್ಬರಿ ಹಾಕಿದ ಸದ್ದು.
ತಿರುಪು ಎಷ್ಟು ತಿರುಗಿಸಿದರೂ ಅದೇ ಸಿಟ್ಟು,
ಎಲ್ಲರನ್ನೂ ಬೈಯುತ್ತದೆ, ಯಾರ ಮುಖವನ್ನೂ ನೋಡುವುದಿಲ್ಲ.

ಎರಡನೆಯದು ಕಪಾಟಿನ ಒಳಗಿಂದ ಬಂತು, ಬಟ್ಟೆ ಸುತ್ತಿಕೊಂಡು.
ಜರ್ಮೇನಿಯಂ. ಏಳು ಸಾವಿರದ ಎಂಟುನೂರು.
ಬೆಲೆ ಕೇಳುವ ಮೊದಲೇ ಪ್ಲಗ್ ಚುಚ್ಚಿದ್ದು ನನ್ನದೇ ತಪ್ಪು.
ಒಂದೇ ಸ್ವರ.
ಕೊಪ್ಪರಿಗೆಯ ಬೆಲ್ಲದ ಪಾಕ ಉಕ್ಕಿ ಉಕ್ಕಿ
ಅಂಚಿಗೆ ಬಂದು, ಚೆಲ್ಲದೆ ನಿಂತಂತೆ.
ಗಿಟಾರಿನ ವಾಲ್ಯೂಮ್ ಇಳಿಸಿದರೆ ತಾನೂ ತಗ್ಗಿ
ಪಕ್ಕದ ಸೀಟಿಗಷ್ಟೇ ಕೇಳುವಂತೆ ಮಾತಾಡಿತು.

‘ಆದರೆ ಮೇಡಂ, ಇದು ಸೆಕೆ ತಡೆಯಲ್ಲ.
ಏಪ್ರಿಲ್ ಬಂದರೆ ಮುನಿಸಿಕೊಂಡುಬಿಡತ್ತೆ.’
ನಾವು ನುಡಿಸುವುದು ಬನ್ನಿಮಂಟಪದ ಹಿಂದೆ, ತಗಡಿನ ಶೆಡ್ಡಿನಲ್ಲಿ.
ಡ್ರಮ್ಸಿನ ಜೋಸ್ಫಿನ್ ಹೇಳುತ್ತಾಳೆ,
ಇಲ್ಲಿಗೆ ಏಪ್ರಿಲ್ ಫೆಬ್ರವರಿಯಲ್ಲೇ ಇಳಿಯುತ್ತದೆ ಅಂತ.
ಅವನು ಬಟ್ಟೆ ಸುತ್ತಿದ. ಗಂಟು ನಾನೇ ಹಾಕಿಕೊಟ್ಟೆ.

ಇನ್ನೊಂದು ಮಾತು ಹೇಳಿದ, ಕೇಬಲ್ ಬಿಚ್ಚುತ್ತ:
ಯಾವ ಫಜ್ ಆದರೂ ಗಿಟಾರಿನ ಪಕ್ಕದಲ್ಲೇ ಇರಬೇಕು,
ನಡುವೆ ಬೇರೆ ಯಾವ ಪೆಡಲ್ ಬಂದರೂ ಅದಕ್ಕಾಗದು.
ಗೊತ್ತು ಎಂದು ತಲೆಯಾಡಿಸಿದೆ. ಬಾಗಿಲಲ್ಲಿ ನಿಲ್ಲಬೇಡಿ ಎಂದು
ಎಷ್ಟು ಸಾವಿರ ಸಲ ಹೇಳಿಲ್ಲ ನಾನು.

ಮೂರನೆಯದಕ್ಕೆ ಕಂಪನಿ ಹೆಸರಿಲ್ಲ.
ಹೂಟಗಳ್ಳಿಯ ನಿಂಗರಾಜು ಅನ್ನುವವರು ಬೆಸುಗೆ ಹಾಕಿದ್ದು,
ಅಲ್ಯುಮಿನಿಯಂ ಡಬ್ಬಿ, ಮೂಲೆಯಲ್ಲಿ ಸುತ್ತಿಗೆಯ ಗುರುತು.
ಎರಡೇ ತಿರುಪು. ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದಾರೆ:
ಒಂದಕ್ಕೆ ‘ಸದ್ದು’, ಇನ್ನೊಂದಕ್ಕೆ ‘ಗೊಗ್ಗರು’.
ಎರಡು ಸಾವಿರದ ಮುನ್ನೂರ ಅರವತ್ತು. ಗ್ಯಾರಂಟಿ ಇಲ್ಲ.

ದಪ್ಪ ತಂತಿಯನ್ನು ಮೀಟಿ ಬಿಟ್ಟೆ.
ತುಂಬಿಕೊಂಡು ಎದ್ದಿತು, ಕನ್ನಡಿ ಕಪಾಟು ಝುಂಗುಟ್ಟಿತು.
ಆಮೇಲೆ, ಸ್ವರ ಆರುವ ಹೊತ್ತಿಗೆ,
ನಯವಾಗಿ ಆರಲಿಲ್ಲ.
ಕೆಮ್ಮಿತು. ಒಡೆಯಿತು. ಒಂದು ಚೂರು, ಇನ್ನೊಂದು ಚೂರು,
ಆಮೇಲೆ ಏನೂ ಇಲ್ಲ.

‘ಅಯ್ಯೋ, ಇದರ ಬಯಾಸ್ ಸರಿಯಿಲ್ಲ ಮೇಡಂ,
ಒಳಗೊಂದು ಸ್ಕ್ರೂ ಇದೆ, ಎರಡೇ ನಿಮಿಷ.’

ರಾತ್ರಿ ಒಂಬತ್ತು ನಲವತ್ತರ ಕೊನೆಯ ಟ್ರಿಪ್ಪು.
ಮೇಟಗಳ್ಳಿ ದಾಟಿದ ಮೇಲೆ ನನ್ನ ದನಿ ಹೀಗೆಯೇ.
ಇಲ... ವಾ...
ಉಳಿದದ್ದನ್ನು ಪ್ಯಾಸೆಂಜರುಗಳೇ ಸೇರಿಸಿಕೊಳ್ಳುತ್ತಿದ್ದರು.

ಅವನ ಕೈ ಸ್ಕ್ರೂಡ್ರೈವರಿನತ್ತ ಹೋಯಿತು.
ಗಾಜಿನ ಮೇಲೆ ಬೆರಳಿನಿಂದ ಟಕ್ ಎಂದೆ, ಒಂದೇ ಸಲ.
ಮೈಸೂರಿನ ಹುಡುಗ, ಬಸ್ಸಿನಲ್ಲೇ ಬೆಳೆದವನು.
ಕೈ ನಿಂತಿತು.

ಹೊಸ ಬ್ಯಾಟರಿಯನ್ನು ಅವನೇ ಹಾಕಿಕೊಟ್ಟ.
ಎರಡು ಸಾವಿರದ ನಾನೂರು ಎಣಿಸಿ ಇಟ್ಟೆ.
ಡ್ರಾಯರ್ ಎಳೆದ, ತಡಕಿದ, ತಲೆ ಕೆರೆದುಕೊಂಡ.
‘ಚಿಲ್ಲರೆ ಇಲ್ಲ ಮೇಡಂ, ಆಮೇಲೆ ಇಸ್ಕೊಳ್ಳಿ’ ಎಂದು
ಬಿಲ್ಲಿನ ಹಿಂದೆ ‘40’ ಬರೆದು, ಸುತ್ತ ಗೀಟೆಳೆದು ಕೊಟ್ಟ.

ನಗು ಬಂತು. ನಗಬಹುದೋ ಬೇಡವೋ
ಡಾಕ್ಟರನ್ನು ಕೇಳಿರಲಿಲ್ಲ.
ಗಾಜಿನ ಮೇಲೆ ಟಕ್ ಟಕ್ ಎಂದು
ಹೊರಟೆ.