ತುಕ್ಕು

ಹಗಲೆಲ್ಲ ತೋರಣಗಲ್ಲಿನ ವೇಬ್ರಿಡ್ಜಿನಲ್ಲಿ
ಅದಿರಿನ ಲಾರಿ ತೂಗುತ್ತೇನೆ, ಟನ್ನುಗಳಲ್ಲಿ.
ರಾತ್ರಿ ಬಳ್ಳಾರಿಯ ಕೌಲ್ ಬಜಾರಿನ ಮನೆಯಲ್ಲಿ
ಐದು ಮಿಲಿ ಸಮುದ್ರಕ್ಕೆ ಪುಡಿ ಉದುರಿಸಿ
ಬಣ್ಣ ತಿರುಗುವುದನ್ನು ಕಾಯುತ್ತೇನೆ:
ಫಾಸ್ಫೇಟು, ಸೊನ್ನೆ ಪಾಯಿಂಟ್ ಎರಡು.
ಗಾಜಿಗೆಲ್ಲ ಪಾಚಿ.

ಇಳಿಸಲೆಂದು ಕೊರಿಯರಿನಲ್ಲಿ ಬಂತು ಡಬ್ಬಿ.
ಎರ್ರೆಮ್ಮ ಮುಚ್ಚಳ ತೆಗೆದು ಮೂಸಿ
ನಕ್ಕೇ ನಕ್ಕಳು:
'ದಿನಾ ನಿನ್ನ ಅಂಗೀಲಿಂದ
ನಾ ಒಗ್ದು ಚೆಲ್ಲಾದು ಇದ್ನೇ ಅಲ್ಲಾ?
ಇದ್ಕ ಎರಡು ಸಾವ್ರ ಕೊಟ್ಟೀ?'

ಹೌದು, ತುಕ್ಕೇ.
ಜಾಸ್ತಿಯೇ ಸುರಿದೆ.
ನೀರು ಕನ್ನಡಿಯಾಯಿತು; ಮೂರನೆಯ ವಾರ
ಹವಳ ಬಿಳಿಚಿ ಸುಣ್ಣ.

ಈಗ ಅರ್ಧ ಚಮಚ, ಅಷ್ಟೆ.
ಮೀನಿಗೆ ಒಂದು ಚಿಟಿಕೆ ಹೆಚ್ಚು ತಿನಿಸು,
ಆಗಲಿ ಒಂದಿಷ್ಟು ಕೊಳೆ.
ಗಾಜಿನಂಚಿಗೆ ಮತ್ತೆ ಹಸಿರು ಹತ್ತಿದ ದಿನ
ಎರ್ರೆಮ್ಮ ಬಟ್ಟೆ ಹಿಡಿದು ಬಂದಳು.
'ಬಿಡು' ಅಂದೆ.

ಹವಳದ ತುದಿಯಲ್ಲಿ
ಸಾಸಿವೆಯಷ್ಟು ಬಾಯೊಂದು ತೆರೆದಿತ್ತು.