ಹಲಗೆ ಹಾಕಿ ಇಪ್ಪತ್ತೆರಡು ದಿನ

ಕೋಡಿಬಾಗದ ತಿರುವಿನಲ್ಲಿ ನನ್ನ ಹೊಲಿಗೆಯಂಗಡಿ.
ಶಟರಿನ ಎಡಕ್ಕೊಂದು ಮೊಳೆ, ಮೊಳೆಗೆ
ಶಾಲೆಯವರು ಎಸೆದ ಕರಿಹಲಗೆಯ ಅರ್ಧ ತುಂಡು.

ಬರೆಯುವುದು ಬಟ್ಟೆಗೆ ಗೆರೆ ಎಳೆಯುವ ಸುಣ್ಣದಲ್ಲೇ,
ನೀಲಿಯದು, ಅಂಚು ಸವೆದದ್ದು:
ನಿನ್ನೆ, ಮೂರು ತಾಸು.
ನಡೆದದ್ದು, ಸೇತುವೆಯ ಎರಡನೇ ಕಂಬದವರೆಗೆ.
ಅಷ್ಟೇ. ಕೆಳಗೆ ಹೆಸರಿಲ್ಲ.

ಹೋದ ಮಾಘದಲ್ಲಿ ಸದಾಶಿವಗಡದ ಬಸ್ಸಿನಲ್ಲಿ,
ಮಡಿಲಲ್ಲಿ ಮದುಮಗಳ ಏಳು ರವಿಕೆ,
ಕಾಳಿ ನದಿಯ ನಟ್ಟನಡುವೆ
ನನ್ನ ಉಸಿರು ನನಗೆ ಸಾಲದೆ ಹೋಯಿತು.
ಕಂಡಕ್ಟರ್ ನೀರು ಕೊಟ್ಟ. ಯಾರೋ ಕಿಟಕಿ ತೆಗೆದರು,
ಆಗಲೇ ತೆಗೆದಿದ್ದ ಕಿಟಕಿಯನ್ನು.
ಎದೆಗೆ ಏನೂ ಆಗಿಲ್ಲ ಅಂದರು ಆಸ್ಪತ್ರೆಯಲ್ಲಿ.
ಮೂವತ್ತು ವರ್ಷ ಊರ ಎದೆ ಅಳೆದವಳು ನಾನು,
ಮೂವತ್ನಾಲ್ಕು, ಮೂವತ್ತೆಂಟು, ಹೊಲಿಗೆಗೆ ಎರಡಿಂಚು ಬಿಟ್ಟು.
ಒಳಗೆ ಎಷ್ಟು ಜಾಗ ಬೇಕು ಅಂತ
ಯಾರನ್ನೂ ಕೇಳಿರಲಿಲ್ಲ.

ದಿನವೂ ಬರೆದಿಡಿ ಅಂದಳು ಸಣ್ಣ ಪ್ರಾಯದ ಡಾಕ್ಟರು.
ಪುಸ್ತಕದಲ್ಲಿ ಬರೆದರೆ ಮುಚ್ಚಿಡುತ್ತೇನೆ,
ಮುಚ್ಚಿಟ್ಟರೆ ಮರೆಯುತ್ತೇನೆ.
ಹಾಗಾಗಿ ಬೀದಿಗೆ.

ಮೊದಲ ನಾಲ್ಕು ದಿನ ಓದಿದ್ದು ಉಪ್ಪುಗಾಳಿ.
ಕೆಳಮೂಲೆಯನ್ನು ಒಂದು ಕರು ನೆಕ್ಕಿತು.
ಐದನೇ ದಿನ ಗುರುದಾಸ ಕಲ್ಗುಟಕರ ಬಂದು ಜಗಳ:
"ಮೂರೇ ತಾಸು ಅಂಗಡಿ ತೆಗೆದರೆ
ನನ್ನ ಪ್ಯಾಂಟಿನ ಗತಿಯೇನು?"
ನಿದ್ದೆ ಎಂಬ ಮಾತು ಬರೆಯಲು ಅಷ್ಟುದಿನ ನಾಚಿಕೆ.
ಅವನ ಎದುರಿಗೇ ಸೇರಿಸಿದೆ.
ಅವನು ಓದಿ, ಕೆಮ್ಮಿ,
ಪ್ಯಾಂಟು ನಿಧಾನ ಆಗಲಿ ಅಂದು ಹೋದ.

ಮೈದುನ ಬ್ಯಾಂಕಿನವ. ಲಾಭ ಎಷ್ಟು ಅಂತ ಕೇಳಿದ.
ಗಿರಾಕಿ ಹೆಚ್ಚಲಿಲ್ಲ. ಒಬ್ಬಳು ಕಡಿಮೆಯಾದಳು,
ತಲೆ ಸರಿಯಿಲ್ಲವಂತೆ ಎಂದು
ಫಾಲು ಹಚ್ಚದ ಸೀರೆ ವಾಪಸು ಒಯ್ದಳು.

ಒಂಬತ್ತನೇ ದಿನ, ಬೈತಖೋಲದ ಕಡೆಯಿಂದ
ಬುಟ್ಟಿ ಹೊತ್ತು ಅಹಲ್ಯಾ ಹರಿಕಂತ್ರ.
"ಎಂತ ಬರ್ದದೆ ಅದ್ರಲ್ಲಿ? ನಂಗೆ ಅಕ್ಷರ ಬರೂದಿಲ್ಲ."
ಓದಿ ಹೇಳಿದೆ.
ಬುಟ್ಟಿ ಇಳಿಸಿದಳು. ಬಂಗಡೆಯ ಮೇಲಿನ ಒದ್ದೆ ಬಟ್ಟೆ
ಸರಿಯಾಗಿಯೇ ಇತ್ತು, ಮತ್ತೆ ಸರಿಮಾಡಿದಳು.
"ನಂದೂ ಬರಿ. ಎರಡು."
ಯಾವಾಗಿನಿಂದ?
"ದೋಣಿ ಮಾರ್ದಾಗಿಂದ."

ಮೂರು. ಎರಡು.
ಕೂಡಿಸಿದರೂ ಒಬ್ಬರ ನಿದ್ದೆಗೆ ಸಾಲದು.
ಆದರೂ ಆ ದಿನ ಹಲಗೆ
ಒಂಟಿ ಬಟನ್ನಿನ ಅಂಗಿಯ ಹಾಗೆ ಕಾಣಲಿಲ್ಲ.

ಹದಿನಾರನೇ ದಿನ, ಯಾರದೋ ಓರೆ ಬರಹ,
ಬಿಳಿ ಸೀಮೆಸುಣ್ಣ: ಐದೂವರೆ. ಪರೀಕ್ಷೆ ಮುಗೀತು.
ಹಾದುಹೋಗುವ ಪ್ರತಿ ಚೀಲವನ್ನೂ ನೋಡಿದೆ,
ನೋಡಬಾರದು ಅನ್ನಿಸಿ ಕಾಜಾ ಹೊಲಿಯಲು ಕೂತೆ.
ಆಮೇಲಿಂದ ಕಿಟಕಿಕಟ್ಟೆಯ ಮೇಲೆ
ಸುಣ್ಣದ ಒಂದು ಚೂರು ಬಿಟ್ಟಿರುತ್ತೇನೆ.
ಎರಡು ಸಲ ಕಳವಾಯಿತು.

ಸೇತುವೆ ಇನ್ನೂ ದಾಟಿಲ್ಲ.
ನಾಲ್ಕನೇ ಕಂಬದವರೆಗೆ ಹೋಗಿ, ಕಟಾಂಜನ ಹಿಡಿದು,
ನದಿಗೂ ಕಡಲಿಗೂ ಎಲ್ಲಿ ಹೊಲಿಗೆ ಹಾಕಿದ್ದಾರೋ
ಹುಡುಕುತ್ತ ನಿಂತೆ. ಲಾರಿ ಹೋದಾಗ
ಪಾದದಡಿ ನಡುಗಿತು, ತಿರುಗಿ ಬಂದೆ.
ನಡುಗಿದ್ದು ಸೇತುವೆ, ನಾನಲ್ಲ,
ಎಂದು ಮನೆಗೆ ಬಂದಮೇಲೆ ಹೊಳೆಯಿತು.

ಇವತ್ತು ಶಟರಿಗೆ ಧಡಧಡ ಬಡಿತ.
ಅಹಲ್ಯಾ. "ಇವತ್ತಿನ ಲೆಕ್ಕ ಎಲ್ಲಿ?
ಬಿಸಿಲು ಬಿತ್ತು, ಹಲಗೆ ಬೋಳು!"
ಕೂದಲು ಕೆದರಿ, ದಿಂಬಿನ ಗೆರೆ ಕೆನ್ನೆಯ ಮೇಲಿಟ್ಟುಕೊಂಡೇ
ಹೊರಗೆ ಬಂದೆ. ಅವಳು ನೋಡಿದಳು,
ಸುಮ್ಮನೆ ನಕ್ಕಳು, ತನ್ನದು ಮೂರು ಅಂದಳು.

ನನ್ನದು ಆರು ಎಂದು ಬರೆದೆ.
ಗಡಿಯಾರ ನೆನಪಾಗಿ, ಬೆರಳಲ್ಲಿ ಒರೆಸಿ
ಐದೂ ಮುಕ್ಕಾಲು ಮಾಡಿದೆ.
ಅಳತೆಯಲ್ಲಿ ಸುಳ್ಳು ಹೇಳಿದರೆ
ಕೊನೆಗೆ ತೋಳು ಬಿಗಿಯುತ್ತದೆ.