ಬಾಗಿಲ ಲೆಕ್ಕ

ರಾಸ್ ಅಲ್ ಖೈಮಾದ ಈ ಹೊಸ ಕ್ಯಾಸಿನೋದ
ಗಾಜಿನ ಬಾಗಿಲಲ್ಲಿ ನನ್ನದು ಎಣಿಸುವ ಕೆಲಸ.
ಒಳಗೆ ಬಂದವರಿಗೆ ಒಂದು ಟಿಕ್.
ಹೊರಗೆ ಹೋದವರಿಗೆ ಬೇಡ, ಅಂದಿದ್ದಾರೆ.

ನಿರೀಕ್ಷೆ ದಿನಕ್ಕೆ ಆರು ಸಾವಿರ.
ನಿನ್ನೆ ನಾನೂರ ಹನ್ನೆರಡು,
ಸೆಲ್ಫಿಗೆ ಬಂದವರೇ ಬಹಳ,
ಶೌಚಾಲಯ ಎಲ್ಲಿ ಎಂದು ಕೇಳಿದ
ಪೇಶಾವರದ ಟ್ಯಾಕ್ಸಿಯವನೂ ಸೇರಿ.

ಮೇಜಿನ ಹಿಂದೆ ಸೆಬು ದ್ವೀಪದ ಮರಿಸೆಲ್
ಎಲೆ ಕಲೆಸುತ್ತಾಳೆ, ಹರಡುತ್ತಾಳೆ, ಮತ್ತೆ ಕಲೆಸುತ್ತಾಳೆ,
ಯಾರೂ ಉಣ್ಣಲು ಬಾರದ ಮನೆಯ ಹಿಟ್ಟಿನಂತೆ.
ಚಕ್ರದ ಬಿಳಿಗುಂಡು
ಮೊನ್ನೆಯಿಂದ ಹದಿನೇಳರಲ್ಲೇ ಕೂತಿದೆ.

ನಸುಕಿಗೆ ಮುನ್ನ ಮರಳುಗಾಳಿ.
ಬಾಗಿಲು ತಾನಾಗಿ ತೆರೆಯಿತು, ಮುಚ್ಚಿತು, ತೆರೆಯಿತು.
ಚಾವಣಿಯ ಕಣ್ಣು ಅದನ್ನೂ ಗಿರಾಕಿಯೆಂದೇ ಬರೆದುಕೊಂಡಿತು.
ಬೆಳಿಗ್ಗೆ ಲೆಕ್ಕದ ಮೀರ್‌ಚಂದಾನಿ ಕೇಳಿದರು:
"ಯಂತ್ರ ಸಾವಿರದ ನೂರು ಅನ್ನುತ್ತೆ. ನಿನ್ನದು ಅರ್ಧವೂ ಇಲ್ಲ.
ಒಂದು ದಿರ್ಹಮೂ ಬಿಡದೆ ಹೋದ ಆ ಉಳಿದವರು ಯಾರಪ್ಪ?"
"ಗಾಳಿ, ಸಾರ್."
ಅವರು ನಗಲಿಲ್ಲ.
ಯಂತ್ರದ ಲೆಕ್ಕವನ್ನೇ ಮೇಲಕ್ಕೆ ಕಳಿಸಿದರು.

ಸಿರುಗುಪ್ಪದ ಅಕ್ಕಿ ಗಿರಣಿಯ ಹಿಂದೆ
ಅಂದರ್-ಬಾಹರ್ ಆಡುತ್ತಿದ್ದ ನಮ್ಮಣ್ಣನನ್ನು
ಪೊಲೀಸರು ಹಿಡಿದಿದ್ದರು ಒಮ್ಮೆ.
ಹನ್ನೊಂದು ಮಂದಿ, ಒಂದೇ ಜಮಖಾನ,
ವಶ: ನಾಲ್ಕು ಸಾವಿರದ ಮುನ್ನೂರ ಎಂಬತ್ತು.
ಪೇಪರಿನಲ್ಲೂ ಬಂದಿತ್ತು.
ಅಲ್ಲಿ ಕೂರಲು ಜಾಗ ಸಾಲದೆ ಜಗಳವಂತೆ.

ತಿಂಗಳ ಕೊನೆಗೆ ಇಲ್ಲೊಂದು ಪಟ್ಟಿ ಬರುತ್ತದಂತೆ,
ನಮ್ಮಲ್ಲಿ ಅಂದರ್ ಯಾರು, ಬಾಹರ್ ಯಾರು.
ಮರಿಸೆಲ್ ನನ್ನ ಮುಖ ನೋಡುತ್ತಾಳೆ,
ನನಗೇನೋ ಗೊತ್ತಿರುವ ಹಾಗೆ.

ಈಗೀಗ
ಗಾಳಿ ಬಂದು ಬಾಗಿಲು ತೆರೆದರೆ
ನಾನೂ ಒತ್ತುತ್ತೇನೆ
ಒಂದು ಟಿಕ್.